ದೊಡ್ಡ ಬಿ, ಸಣ್ಣ ಬಿ ಮತ್ತು ನಮ್ಮ ಕಾಕಾ

ನಮ್ಮ ಕಾಕಾ ತಮ್ಮ ಅರವತ್ತೆಂಟು ವರ್ಷದ ಆಯುಷ್ಯದಲ್ಲಿ ಹೊಲದ ಬದುವಿಗಾಗಲಿ, ಮನೆಯ ಗೋಡೆಗಾಗಲಿ, ಚುನಾವಣೆಗಾಗಲಿ ಯಾರೊಂದಿಗೂ ಜಗಳವಾಡಿದವರಲ್ಲ. ಅವರು ಆಡಿದ ಜಗಳವೆಲ್ಲ ಎಂಟು ಎಂಬ ಒಂದು ಅಂಕಿಯ ಸಲುವಾಗಿ. ಲೋಕದ ಅರ್ಧ ಜನ ಎಂಟರಿಂದ ಗುಣಿಸಬೇಕಾದಲ್ಲಿ ಗುಣಿಸುವುದಿಲ್ಲ, ಉಳಿದರ್ಧ ಜನ ಭಾಗಿಸಬೇಕಾದಲ್ಲಿ ಭಾಗಿಸುವುದಿಲ್ಲ, ಇಷ್ಟಾದ ಮೇಲೂ ಲೋಕ ಅದು ಹೇಗೆ ನಡೆದುಕೊಂಡು ಹೋಗುತ್ತಿದೆ ಎಂಬುದು ಅವರಿಗೆ ಇನ್ನೂ ಬಗೆಹರಿದಿಲ್ಲ. ನನಗೆ ಬಗೆಹರಿಯದೆ ಉಳಿದವರು ಅವರೇ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಟೆಲಿಫೋನ್ ಇಲಾಖೆಯಲ್ಲಿದ್ದರು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಎಂದು ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ತಿರುಗಿ, ಕಡೆಗೆ ಗಂಗಾವತಿಯಲ್ಲಿ ನಿವೃತ್ತರಾಗಿ ಅಲ್ಲೇ ಮನೆ ಮಾಡಿಕೊಂಡರು. ನಾನು ಕುಷ್ಟಗಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಗಣಿತದ ಮಾಸ್ತರರು ಎದುರಿಗೆ ಬಂದರೆ ಈಗಲೂ ಕಾರಿಡಾರಿನ ಪಕ್ಕಕ್ಕೆ ಸರಿದು ನಿಲ್ಲುವವಳು. ಅಂಥವಳನ್ನೇ ಕಾಕಾ ತಮ್ಮ ಶಿಷ್ಯೆಯನ್ನಾಗಿ ಆರಿಸಿಕೊಂಡರೆಂದರೆ ಅದಕ್ಕೆ ಏನನ್ನಬೇಕು? ಬಹುಶಃ ಬೇರೆ ಯಾರೂ ಕುಳಿತು ಕೇಳುತ್ತಿರಲಿಲ್ಲ.

"ಭಾಳ ಸರಳ ಐತಿ ನೋಡವಾ," ಎಂದೇ ಅವರು ಪ್ರತಿ ಸಲವೂ ಶುರು ಮಾಡುವುದು. "ಬಿಟ್ ಅಂದ್ರ ಒಂದು ಕಾಳು. ಬೈಟ್ ಅಂದ್ರ ಎಂಟು ಕಾಳಿನ ಒಂದು ಪೊಟ್ಣ. ನಾವು ಫೋನಿನವರು, ತಂತ್ಯಾಗ ಒಂದೊಂದ ಕಾಳು ಹೋಗತಾವ, ಅದಕ್ಕ ಕಾಳು ಎಣಸ್ತೀವಿ. ಕಂಪ್ಯೂಟರಿನವರು ಪೆಟಗ್ಯಾಗ ತುಂಬಿ ಇಡವರು, ಅದಕ್ಕ ಪೊಟ್ಣ ಎಣಸ್ತಾರ. ಇಷ್ಟ. ತಿಳೀತಿಲ್ಲೋ?"

"ತಿಳೀತ್ರಿ ಕಾಕಾ."

"ಹಂಗಾರ ಹೇಳು. ಐವತ್ತಾರು ಕಿಲೋಬಿಟ್ಟಿನ ಹಳೇ ಮೋಡೆಮ್ಮು. ಸೆಕೆಂಡಿಗೆ ಎಷ್ಟು ಪೊಟ್ಣ?"

ನಾನು ಅಡುಗೆ ಮನೆಯಲ್ಲಿ ಹಾಲು ಉಕ್ಕುತ್ತಿದೆಯೆಂದು ಹೇಳಿ ಎದ್ದು ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ಉಕ್ಕಿದಷ್ಟು ಹಾಲು ಇನ್ಯಾವ ಮನೆಯಲ್ಲೂ ಉಕ್ಕಿರಲಾರದು.

ಗೊಂದಲಕ್ಕೆ ಇನ್ನೊಂದು ಕಾರಣವಿತ್ತು. ಬಿಟ್ಟಿಗೂ ಬೈಟಿಗೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರವಂತೆ. ಸಣ್ಣ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್. ಅಷ್ಟು ದೊಡ್ಡ ವ್ಯತ್ಯಾಸವನ್ನು ಇಷ್ಟು ಸಣ್ಣ ಕಡೆ ಇಟ್ಟವರು ಯಾರೋ ಕಾಣೆ. ಕಾಕಾನ ಮನೆಗೆ ಹೊಸ ಇಂಟರ್‌ನೆಟ್ ಹಾಕಲು ಬಂದಿದ್ದ ಗೃಹಸ್ಥ ಇದರಲ್ಲೇ ಸಿಕ್ಕಿಬಿದ್ದ. ಏಣಿ ಹತ್ತಿ, ಗೋಡೆಗೆ ತೂತು ಹೊಡೆದು, ತಂತಿ ಎಳೆದು, ಬೆವರೊರೆಸಿಕೊಳ್ಳುತ್ತ, "ನೂರು ಎಂಬಿ ಸ್ಪೀಡ್ ಐತ್ರಿ ಅಜ್ಜಾರ," ಎಂದ.

"ದೊಡ್ಡ ಬಿನೋ ಸಣ್ಣ ಬಿನೋ?" ಎಂದರು ಕಾಕಾ.

ಅವನು ಯೋಚಿಸಿದ. ಗಿರಾಕಿಗೆ ಸಣ್ಣದನ್ನು ಕೊಟ್ಟೆನೆಂದು ಯಾವ ವ್ಯಾಪಾರಿ ಹೇಳುತ್ತಾನೆ? "ದೊಡ್ಡದ ರೀ," ಎಂದ.

ಅಷ್ಟೇ. ತಂತಿಯ ವೇಗಕ್ಕೆ ಸಣ್ಣ ಬಿಯೇ ಲೆಕ್ಕ ಎಂದು ಮಧ್ಯಾಹ್ನ ಊಟದ ಹೊತ್ತಾದರೂ ಕಾಕಾ ಅವನನ್ನು ಬಿಡಲಿಲ್ಲ. ಹಲಗೆಯ ಮೇಲೆ ಬರೆದು ತೋರಿಸಿದರು. ಹೆಸರುಕಾಳು ತರಿಸಿ ಎಂಟೆಂಟು ಎಣಿಸಿ ಗುಂಪು ಮಾಡಿ ತೋರಿಸಿದರು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕಡೆಗೆ ಒಳಗಿನಿಂದ ಬಂದು, "ಅವರ ಮನ್ಯಾಗ ಹೆಂಡ್ತಿ ಮಕ್ಕಳು ಹಾದಿ ನೋಡ್ತಿರತಾರ, ಕಳಸ್ರಿ," ಎಂದು ಆ ಹೆಸರುಕಾಳನ್ನು ಬಳಿದುಕೊಂಡು ಒಳಗೆ ಒಯ್ದರು. ಹೋಗುವಾಗ ಅವನು ಕಾಕಾನ ಕಾಲು ಮುಟ್ಟಿ ನಮಸ್ಕಾರ ಮಾಡಿದನಂತೆ. ಭಕ್ತಿಯಿಂದಲೋ, ಇನ್ನು ಈ ಕಡೆ ಬರುವುದಿಲ್ಲವೆಂಬ ತೀರ್ಮಾನದಿಂದಲೋ ಗೊತ್ತಿಲ್ಲ.

ಈ ಸಂಗತಿ ಆದ ಮೇಲೆ ಕಾಕಾ ಕುಷ್ಟಗಿಗೆ ಬಂದು ನನ್ನ ಮುಂದೆ ಕುಳಿತರು. "ನೀ ಕನ್ನಡ ಟೀಚರಿದ್ದಿ. ನಮ್ಮ ಭಾಷಾದಾಗ ದೊಡ್ಡ ಬಿ ಸಣ್ಣ ಬಿ ಇಲ್ಲೇನು?"

"ಇಲ್ರಿ ಕಾಕಾ. ನಮ್ಮಲ್ಲಿ ಅಕ್ಷರ ಎಲ್ಲಾ ಒಂದ ಅಳತಿ. ಬೇಕಂದ್ರ ಅಲ್ಪಪ್ರಾಣ, ಮಹಾಪ್ರಾಣ ಅದಾವ ನೋಡ್ರಿ."

ಹೇಳಬಾರದಿತ್ತು. ಅವರ ಮುಖ ಬೆಳಗಿತು. ಅಂದಿನಿಂದ ಅವರ ನೋಟುಬುಕ್ಕಿನಲ್ಲಿ ಬಿಟ್ಟಿಗೆ ಅಲ್ಪಪ್ರಾಣದ 'ಬ', ಬೈಟಿಗೆ ಮಹಾಪ್ರಾಣದ 'ಭ'. "ಆರನೂರು ಎಂಭಿ" ಎಂದು ಹೊಟ್ಟೆಯಿಂದ ಉಸಿರು ತಂದು ಹೇಳುವರು. ಎದುರಿಗಿದ್ದವರು ಎಲೆಯಡಿಕೆಯ ರಸ ಸಿಡಿದೀತೆಂದು ಅರ್ಧ ಹೆಜ್ಜೆ ಹಿಂದೆ ಸರಿಯುವರು. ನನಗೆ ಆದ ಫಜೀತಿ ಬೇರೆ. ಒಂಬತ್ತನೆಯ ಇಯತ್ತೆಯಲ್ಲಿ ವರ್ಣಮಾಲೆ ಹೇಳುತ್ತ ಏನೋ ಗುಂಗಿನಲ್ಲಿ, "ಒಂದು ಮಹಾಪ್ರಾಣ ಅಂದರೆ ಎಂಟು ಅಲ್ಪಪ್ರಾಣ," ಎಂದುಬಿಟ್ಟೆ. ಮಕ್ಕಳು ಬರೆದುಕೊಂಡರು. ಪರೀಕ್ಷೆಯಲ್ಲಿ ಹದಿನಾಲ್ಕು ಮಕ್ಕಳು ಅದನ್ನೇ ಬರೆದಿದ್ದರು. ತಪ್ಪೆಂದು ಕೊಕ್ಕೆ ಹಾಕಲು ನನಗೆ ಕೈ ಬರಲಿಲ್ಲ.

ಈ ಜಗತ್ತಿನಲ್ಲಿ ಕಾಕಾನಿಗೆ ಸರಿಸಾಟಿಯಾಗಿ ನಿಂತವರು ಒಬ್ಬರೇ, ಮೆಹಬೂಬಭಾಯಿ. ಗಂಗಾವತಿ ಬಸ್‌ಸ್ಟ್ಯಾಂಡಿನಿಂದ ತುಸು ದೂರದಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು, ಆಮೇಲೆ ಟೇಪ್‌ರೆಕಾರ್ಡರು, ಈಗ ಹಾರ್ಡ್‌ಡಿಸ್ಕು. ಕಾಕಾ ಕಾಳಿನ ಪಕ್ಷವಾದರೆ ಭಾಯಿ ಪೊಟ್ಟಣದ ಪಕ್ಷ. ದಿನಾ ಹನ್ನೊಂದು ಗಂಟೆಗೆ ಕಾಕಾ ಅವರ ಅಂಗಡಿಯ ಕಬ್ಬಿಣದ ಸ್ಟೂಲಿನ ಮೇಲೆ ಕೂರುವರು, ಇಬ್ಬರೂ ಚಹಾ ಕುಡಿದು ಜಗಳ ಆರಂಭಿಸುವರು. ಕಿಲೋ ಎಂದರೆ ಸಾವಿರ ಎಂದು ಕಾಕಾ. ಸಾವಿರದ ಇಪ್ಪತ್ನಾಲ್ಕು ಎಂದು ಭಾಯಿ. ಒಮ್ಮೆ ಕಾಕಾ ಹದಿನಾರು ಜಿಬಿಯ ಪೆನ್‌ಡ್ರೈವ್ ಒಯ್ದು, ಅದು ಹದಿನಾಲ್ಕೂ ಮುಕ್ಕಾಲರ ಮೇಲೆ ಸ್ವಲ್ಪ ಎಂದು ತೋರಿಸುತ್ತದೆಂದು ಹೇಳಿದಾಗ ಭಾಯಿ, "ಮಾಡಿದವ ನಿಮ್ಮಂಗ ಸಾವಿರ ಎಣಿಸ್ಯಾನ, ಕಂಪ್ಯೂಟರ್ ನನ್ನಂಗ ಸಾವಿರದ ಇಪ್ಪತ್ನಾಕು ಎಣಿಸೇತಿ. ಕಮ್ಮಿ ಏನೂ ಆಗಿಲ್ಲ ಸಾಹೇಬ್ರ, ಲೆಕ್ಕ ಬ್ಯಾರೆ," ಎಂದರು. ಕಾಕಾ ಆ ಪೆನ್‌ಡ್ರೈವನ್ನು ಬಹಳ ದಿನ ಅನುಮಾನದಿಂದ ನೋಡುತ್ತಿದ್ದರು, ಅದು ಎರಡು ಪಕ್ಷದಲ್ಲೂ ಕಾಲಿಟ್ಟಿದೆಯೆಂಬಂತೆ.

ಒಂದು ದಿನ ಮಧ್ಯಾಹ್ನ ಚಿಗವ್ವನ ಫೋನು ಬಂತು. "ತಂಗಿ, ನಿಮ್ಮ ಕಾಕಾ ಮುಂಜಾನಿಂದ ಊಟ ಬಿಟ್ಟಾರ. ಎರಡು ಹೋದವು, ಎರಡು ಹೋದವು ಅನ್ನಾಕತ್ಯಾರ. ಕೇಳಿದ್ರ ಮಾತಾಡವಲ್ರು. ಯಾರ ಮನ್ಯಾಗ ಏನಾಗೇತಿ, ನಿನಗೇನರ ಗೊತ್ತೈತೇನು?"

ಎರಡು! ಯಾರಿಬ್ಬರು? ಶಾಲೆಯಲ್ಲಿ ಅರ್ಧ ದಿನದ ರಜೆ ಹಾಕಿ ಬಸ್ಸು ಹಿಡಿದು ಗಂಗಾವತಿಗೆ ಓಡಿದೆ. ಕಾಕಾ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಮೆಲ್ಲಗೆ ಹತ್ತಿರ ಹೋಗಿ, "ಕಾಕಾ, ಯಾರು ಹೋದ್ರು?" ಎಂದೆ.

"ಎರಡು ಬಿಟ್ ಹೋದವು," ಎಂದರು.

ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ತಂತಿಯ ಮೇಲೆ ಒಂದೂವರೆ ಗಿಗಾಬಿಟ್ ಎಂದು ಬರೆದಿತ್ತಂತೆ. ಎಂಟರಿಂದ ಭಾಗಿಸಿದರೆ ನೂರ ಎಂಬತ್ತೇಳೂವರೆ ಮೆಗಾಬೈಟ್ ಆಗಬೇಕು. ಆದರೆ ಅದರ ಪುಸ್ತಕದಲ್ಲಿ ನೂರಾ ಐವತ್ತು ಎಂದಿತ್ತು. ಅಂದರೆ ಎಂಟರಿಂದಲ್ಲ, ಹತ್ತರಿಂದ ಭಾಗಿಸಿದ್ದಾರೆ. ಎಂಟರ ಮೇಲೆ ನಿಂತಿದ್ದ ಮನುಷ್ಯನ ಕಾಲ ಕೆಳಗೆ ಹತ್ತು ತಂದಿಟ್ಟರೆ ಅವನು ಎಲ್ಲಿಗೆ ಹೋಗಬೇಕು? ಭಾಯಿ ಸಮಾಧಾನ ಹೇಳಿದ್ದರಂತೆ: "ಎಂಟಕ್ಕ ಎರಡು ಹೆಚ್ಚಿಗಿ ಕೂಡಿಸಿ ಕಳಸ್ತಾರ ಸಾಹೇಬ್ರ, ಸಾಲು ತಪ್ಪಬಾರ್ದು ಅಂತ. ಹತ್ತು ಹೊಂಡತಾವ, ಎಂಟು ನಮ್ಮ ಕೈಗೆ ಹತ್ತತಾವ." ಕಾಕಾನಿಗೆ ಅದು ಇಳಿದಿರಲಿಲ್ಲ. ಮರುದಿನ ಅವರಿಗೆ ತಾವಾಗಿಯೇ ಹೊಳೆಯಿತು: ಎಕ್ಸ್‌ಚೇಂಜಿನ ದೊಡ್ಡ ಲೈನಿನಲ್ಲೂ ಮೂವತ್ತು ಜನ ಮಾತಾಡಲು ಮೂವತ್ತೆರಡು ದಾರಿ ಬೇಕಿತ್ತು, ಎರಡು ದಾರಿ ಮಾತನ್ನು ಒಯ್ಯದೆ ಉಳಿದವರ ಸಾಲು ಕಾಯುತ್ತಿದ್ದವು. ಅದನ್ನು ಭಾಯಿಗೆ ಹೇಳಿ ಬಂದು ಎರಡು ರೊಟ್ಟಿ ಉಂಡರು. ನನ್ನ ಅರ್ಧ ದಿನದ ರಜೆ ಮಾತ್ರ ಹೋಗಿದ್ದು ಹೋಯಿತು. ರಜೆಯ ಅರ್ಜಿಯಲ್ಲಿ ಕಾರಣ ಏನು ಬರೆಯುವುದೆಂದು ಹೆಡ್‌ಮಾಸ್ತರರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಕಾಲುವೆಯ ಕಥೆ ಇದಕ್ಕಿಂತ ದೊಡ್ಡದು. ಬೇಸಿಗೆ ಬೆಳೆಯ ಕಾಲ. ಕಾಲುವೆಯ ತುದಿಯ ಹೊಲದವರು ನೀರು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಿದ್ದರು. ಕಾಕಾ ಯಾವುದೋ ಮದುವೆಯ ಕರೆಯ ಪತ್ರ ಕೊಡಲು ಮರಳಿಗೆ ಹೋಗಿ, ಕಾಲುವೆಯ ದಂಡೆಯ ಮೇಲೆ ಸ್ಕೂಟರ್ ನಿಲ್ಲಿಸಿ, ಭಾಯಿಯೊಂದಿಗೆ ಫೋನಿನಲ್ಲಿ ಅದೇ ಜಗಳ ಮುಂದುವರಿಸಿದರು. ಅವರ ಫೋನಿನ ಮಾತೆಂದರೆ ಫೋನಿಲ್ಲದೆಯೂ ಗಂಗಾವತಿಗೆ ಕೇಳಿಸುವಂಥದು.

"ಎರಡು ಸಾವಿರದ ನಲವತ್ತೆಂಟು ಕಿಲೋ ಬಿಟ್! ಹೌದ್ರಿ, ಒಂದ ಲೈನಿಗೆ! ನಾನ ಕೊಪ್ಪಳದಾಗ ಇದ್ದಾಗ ನೋಡೇನಿ!"

ಗದ್ದೆಯಲ್ಲಿದ್ದ ಒಬ್ಬರು ತಲೆ ಎತ್ತಿದರು. "ಏನಂದ್ರಿ? ಬಿಟ್ರಾ?"

ಕಾಕಾ ಮಾತಿನ ಭರದಲ್ಲಿ ಅವರ ಕಡೆ ಕೈ ಎತ್ತಿ, "ಹೌದ್ರಿ, ಬಿಟ್ಟ!" ಎಂದರು.

ಅವರು ಪಕ್ಕದ ಗದ್ದೆಗೆ ಕೂಗಿದರು. ಪಕ್ಕದ ಗದ್ದೆಯವರು ಮುಂದಿನ ಗದ್ದೆಗೆ. ಎರಡು ಸಾವಿರದ ನಲವತ್ತೆಂಟು ಕ್ಯೂಸೆಕ್ಸ್ ನೀರು ಬಿಟ್ಟಿದ್ದಾರೆ, ಕೊಪ್ಪಳದಲ್ಲೇ ಆರ್ಡರ್ ಆಗಿದೆ, ಟೆಲಿಫೋನ್ ಸಾಹೇಬರು ಕಣ್ಣಾರೆ ನೋಡಿದ್ದಾರೆ. ಒಂದು ತಾಸಿನೊಳಗೆ ಸುದ್ದಿ ಆಂಧ್ರದ ರೈತರು ನೆಲೆಸಿದ ಶ್ರೀರಾಮನಗರ ಮುಟ್ಟಿ, ಅಲ್ಲಿಂದ ಒಬ್ಬರು ಮೋಟಾರ್‌ಸೈಕಲ್ಲಿನಲ್ಲಿ ಬಂದು ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ತೆಲುಗಿನಲ್ಲಿ ಕೇಳಿದರು. ಜನ ಗುದ್ದಲಿ ಹಿಡಿದು ಬದು ಸರಿ ಮಾಡಲು ನಿಂತಿದ್ದರು. ಕಾಕಾ ಆಗ ಅವರೆಲ್ಲರನ್ನೂ ದಂಡೆಯ ಮೇಲೆ ಕೂರಿಸಿ ಬಿಟ್ಟಿಗೂ ಬೈಟಿಗೂ ಇರುವ ವ್ಯತ್ಯಾಸ ವಿವರಿಸಿದರಂತೆ. ಅವರು ಹೇಗೆ ಏಟಿಲ್ಲದೆ ಮನೆಗೆ ಬಂದರೆಂಬುದು ಇಂದಿಗೂ ತಿಳಿಯದು. ಮೂರನೆಯ ದಿನ ನಿಜವಾಗಿಯೇ ನೀರು ಬಂತು. ಮರಳಿಯಲ್ಲಿ ಕೆಲವರು ಇವತ್ತಿಗೂ ಕಾಕಾನೇ ಬಿಡಿಸಿದ್ದೆಂದು ನಂಬಿದ್ದಾರೆ.

ಇವೆಲ್ಲ ನಗುವ ಮಾತಾಯಿತು. ಕಳೆದ ಶ್ರಾವಣದಲ್ಲಿ ನಮ್ಮ ಅವ್ವ ಬಿದ್ದಳು.

ಅವ್ವ ನನ್ನ ಜೊತೆ ಕುಷ್ಟಗಿಯಲ್ಲೇ ಇರುತ್ತಾಳೆ. ನಮ್ಮ ಅಕ್ಕನ ಮೊಮ್ಮಗುವನ್ನು ನೋಡಲೆಂದು ಯಲಬುರ್ಗಾಕ್ಕೆ ಹೋಗಿದ್ದಳು. ಮುಂಜಾನೆ ಬಚ್ಚಲ ಮೆಟ್ಟಿಲಲ್ಲಿ ಜಾರಿ ತಲೆಗೆ ಪೆಟ್ಟಾಯಿತು. ಅಕ್ಕನ ಮನೆಯವರು ಕೂಡಲೇ ಕೊಪ್ಪಳಕ್ಕೆ ಕರೆತಂದರು. ನಾನು ಕುಷ್ಟಗಿಯಿಂದ, ಕಾಕಾ ಗಂಗಾವತಿಯಿಂದ ಹೋಗಿ ಸೇರುವಷ್ಟರಲ್ಲಿ ತಲೆಯ ಸ್ಕ್ಯಾನಿಂಗ್ ಮುಗಿದಿತ್ತು. ಅವ್ವ ಕಣ್ಣು ಬಿಟ್ಟಿದ್ದಳು, ನಮ್ಮನ್ನು ನೋಡುತ್ತಿದ್ದಳು. ಮಾತು ಮಾತ್ರ ಹೊರಡುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಏನೋ ಒಂದು ಸದ್ದು ಬಂದು ಅಲ್ಲೇ ನಿಲ್ಲುತ್ತಿತ್ತು.

ಅವ್ವ ಮಾತಿಲ್ಲದೆ ಇದ್ದದ್ದನ್ನು ನಾವು ಯಾರೂ ನೋಡಿರಲಿಲ್ಲ. ಅವಳು ಮದುವೆಯಾಗಿ ಬಂದಾಗ ಅವಳನ್ನು ವೈನಿ ಎಂದು ಕರೆದ ಕಾಕಾನಿಗೆ ಏಳು ವರ್ಷ. ಅಂದಿನಿಂದ ಅವರನ್ನು ಎರೆದು, ಉಣಿಸಿ, ಶಾಲೆಗೆ ಕಳಿಸಿ ದೊಡ್ಡವರನ್ನಾಗಿ ಮಾಡಿದವಳು ಅವಳೇ. ನೌಕರಿ ಸಿಕ್ಕ ಮೇಲೆ ಕಾಕಾ ಯಾವ ಊರಲ್ಲೇ ಇರಲಿ, ದಿನಾ ಮುಂಜಾನೆ ಏಳಕ್ಕೆ ಅವಳಿಗೆ ಫೋನು ಮಾಡುವರು. ಆ ಫೋನಿನಲ್ಲಿ ಕಾಕಾನದು ಬರೀ ಹ್ಞೂಂ. ಅವ್ವ ಮಾತ್ರ ಬದನೆಕಾಯಿಯಿಂದ ಶುರು ಮಾಡಿ, ಪಕ್ಕದ ಮನೆಯ ಎಮ್ಮೆ, ಯಾರದೋ ಬಾಣಂತನ, ನನ್ನ ಅಡುಗೆಯ ದೋಷಗಳು, ಹೀಗೆ ಅರ್ಧ ತಾಸು ನಡೆಸುವಳು.

ಸ್ಕ್ಯಾನಿಂಗಿನಲ್ಲಿ ಒಂದು ಕಡೆ ರಕ್ತ ಕಂಡಿತ್ತು. ಕೊಪ್ಪಳದ ಡಾಕ್ಟರರು ಹುಬ್ಬಳ್ಳಿಯ ಮಿದುಳಿನ ತಜ್ಞರಿಗೆ ಫೋನು ಮಾಡಿದರು. ಅವರು ಹೇಳಿದ್ದಿಷ್ಟು: ಫೋನಿನಲ್ಲಿ ತೆಗೆದ ಫೋಟೋ ಬೇಡ, ಪೂರ್ತಿ ಸ್ಕ್ಯಾನಿಂಗ್ ಫೈಲು ಕಳಿಸಿ. ಹನ್ನೊಂದೂವರೆಗೆ ನಾನು ಆಪರೇಷನ್‌ಗೆ ಹೋಗುತ್ತೇನೆ, ಹೊರಗೆ ಬರಲು ಮೂರು ನಾಲ್ಕು ತಾಸು. ಅದರೊಳಗೆ ಮುಟ್ಟಿದರೆ ನೋಡಿ ಹೇಳುತ್ತೇನೆ, ಇಲ್ಲದಿದ್ದರೆ ಇಲ್ಲಿಗೇ ಕರೆತನ್ನಿ.

ಹತ್ತೂ ಐವತ್ತು. ಹೊರಗೆ ಆಂಬುಲೆನ್ಸು ನಿಂತಿತ್ತು. ಡಾಕ್ಟರರು ಹೊರಡಿಸಲು ಹಿಂದೆಮುಂದೆ ನೋಡುತ್ತಿದ್ದರು, ಅಷ್ಟು ದೂರದ ಅಲುಗಾಟ ಈ ಹೊತ್ತಿನಲ್ಲಿ ಒಳ್ಳೆಯದಲ್ಲವೆಂದು. ಕಾಕಾ ಸ್ಕ್ಯಾನಿಂಗ್ ಕೋಣೆಯ ಮೇಡಂ ಹತ್ತಿರ ಹೋಗಿ ಫೈಲು ಎಷ್ಟು ದೊಡ್ಡದೆಂದು ಕೇಳಿದರು. ಆರನೂರು ಎಂಬಿ ಎಂದರು ಆಕೆ. ಇಂಟರ್‌ನೆಟ್ಟಿನ ವೇಗ ನೋಡಿಸಿದರು. ಕಳಿಸುವ ಕಡೆ ಎರಡು ಎಂಬಿ. ಎಕ್ಸ್‌ಚೇಂಜಿನ ಹಳೆಯ ದೊಡ್ಡ ಲೈನಿನಷ್ಟೇ ವೇಗ, ಅವರು ಜೀವಮಾನವೆಲ್ಲ ಕೈಯಲ್ಲಿ ಆಡಿಸಿದ್ದು. ಕಾಕಾ ಕಣ್ಣು ಮುಚ್ಚಿ ತೆರೆದು, "ಆರನೂರಕ್ಕ ಎರಡು, ಮುನ್ನೂರು ಸೆಕೆಂಡು. ಐದು ನಿಮಿಷ. ಚಿಂತಿ ಇಲ್ಲ," ಎಂದರು.

ಐದು ನಿಮಿಷವೆಂದರೆ ಅವಸರವೇನು? ಅಕ್ಕ ಕಾಗದಪತ್ರಕ್ಕೆ ಸಹಿ ಮಾಡಿ ಬಂದಳು, ನಾನು ಅವ್ವನ ಕಾಲಿನ ಮೇಲೆ ಚಾದರ ಹೊದಿಸಿ ಬಂದೆ. ಹನ್ನೊಂದಕ್ಕೆ ಮೇಡಂ ಫೈಲು ಕಳಿಸಲು ಹಚ್ಚಿದರು. ನಾವು ಮೂವರೂ ಆ ಪರದೆಯನ್ನು ನೋಡುತ್ತ ನಿಂತೆವು. ಹಸಿರು ಪಟ್ಟಿ ಇರುವೆಯಂತೆ ಸರಿಯುತ್ತಿತ್ತು. ಹನ್ನೊಂದೂ ಐದಾಯಿತು. ಪಟ್ಟಿಯ ಮೇಲೆ ನೂರಕ್ಕೆ ಹನ್ನೆರಡು ಎಂದಿತ್ತು.

"ಲೈನ್ ಹಿಡಿದೈತಿ," ಎಂದರು ಕಾಕಾ. "ಏನೋ ದೋಷ ಐತಿ. ಐದು ನಿಮಿಷದಾಗ ಮುಗೀಬೇಕು ಇದು."

ನಾನು ಆ ಹನ್ನೆರಡನ್ನು ನೋಡುತ್ತಿದ್ದೆ. ಗಣಿತ ನನ್ನ ತಲೆಗೆ ಹತ್ತುವುದಲ್ಲ, ಆದರೆ ವರ್ಷಗಟ್ಟಲೆ ಹಾಲು ಉಕ್ಕಿಸಿದರೂ ಕಿವಿಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಐದು ನಿಮಿಷದಲ್ಲಿ ಎಂಟನೆಯ ಒಂದು ಪಾಲು ಹೋಗಿದೆ. ಎಂಟನೆಯ ಒಂದು ಪಾಲು.

"ಕಾಕಾ," ಎಂದೆ ಮೆಲ್ಲಗೆ. "ಆರನೂರು ದೊಡ್ಡ ಬಿ. ಎರಡು ಸಣ್ಣ ಬಿ. ಎಂಟರಿಂದ ಗುಣಿಸಿದ್ರೇನ್ರಿ?"

ಅವರು ನನ್ನ ಮುಖ ನೋಡಿದರು. ಆಮೇಲೆ ಪರದೆ ನೋಡಿದರು. ಊರವರಿಗೆಲ್ಲ ಹೆಸರುಕಾಳು ಎಣಿಸಿ ತೋರಿಸಿದ ಮನುಷ್ಯ ಮೇಜಿನ ಅಂಚು ಹಿಡಿದುಕೊಂಡು ನಿಂತರು.

"ಎಂಟು ಬಿಟ್ಟೆ," ಎಂದರು. "ನಾ ಎಂಟು ಬಿಟ್ಟೆನವಾ."

ಐದಲ್ಲ, ನಲವತ್ತು ನಿಮಿಷ. ಮುಗಿಯುವುದು ಹನ್ನೊಂದೂ ನಲವತ್ತಕ್ಕೆ. ಹತ್ತು ನಿಮಿಷ ಹೆಚ್ಚು. ಆ ಹತ್ತು ನಿಮಿಷಕ್ಕೆ ಮುಂದಿನ ಮೂರು ನಾಲ್ಕು ತಾಸು ಕಾಯಬೇಕು, ಇಲ್ಲವೇ ಅವ್ವನನ್ನು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಹೊರಡಿಸಬೇಕು. ಕಾಕಾನ ಜೇಬಿನಿಂದ ಅವರ ಫೋನನ್ನು ನಾನೇ ತೆಗೆದು ಮೆಹಬೂಬಭಾಯಿಗೆ ಹಚ್ಚಿ ಕೊಟ್ಟೆ.

"ಭಾಯಿ," ಎಂದರು ಕಾಕಾ. "ವೈನಿ ಸ್ಕ್ಯಾನಿಂಗ್ ಕಳಸಾಕತ್ತೇನಿ. ಆರನೂರು ಎಂಬಿ ಐತಿ, ಎರಡರ ಲೈನು. ನಾ ಎಂಟು ಬಿಟ್ಟಿದ್ದೆ. ಹೊತ್ತಿಗೆ ಮುಟ್ಟಂಗಿಲ್ಲ."

ಭಾಯಿ ನಗಲಿಲ್ಲ. ಇಷ್ಟು ವರ್ಷ ಅವರು ಕಾದಿದ್ದ ಮಾತು ಅದು, ಆದರೂ ನಗಲಿಲ್ಲ. "ಸಾಹೇಬ್ರ, ಲೈನ್ ದೊಡ್ಡದು ಮಾಡಾಕ ನಿಮ್ಮ ಕೈಲಿ ಆಗಂಗಿಲ್ಲ. ಗಂಟು ಸಣ್ಣದು ಮಾಡ್ರಿ. ಸ್ಕ್ಯಾನಿಂಗ್ ಚಿತ್ರದಾಗ ಅರ್ಧಕ್ಕಿಂತ ಹೆಚ್ಚು ಬರೇ ಕರಿ ಖಾಲಿ ಜಾಗ ಇರತೇತಿ. ಒತ್ತಿ ಕಟ್ಟಿದ್ರ ಇಳೀತೇತಿ, ಚಿತ್ರ ಒಂಚೂರೂ ಕೆಡಂಗಿಲ್ಲ. ಮೇಡಂ ಕೈಯಾಗ ಫೋನ್ ಕೊಡ್ರಿ, ನಾ ಹೇಳ್ತೇನಿ."

ಆದರೆ ಅದಕ್ಕಾಗಿ ಅಲ್ಲಿಯವರೆಗೆ ಹೋಗಿದ್ದನ್ನು ನಿಲ್ಲಿಸಿ ಮೊದಲಿನಿಂದ ಕಳಿಸಬೇಕಿತ್ತು. ಪಟ್ಟಿ ಹತ್ತೊಂಬತ್ತಕ್ಕೆ ಬಂದಿತ್ತು. ಮೇಡಂ ಕಾಕಾನ ಕಡೆ ನೋಡಿದರು. ಕಾಕಾ ನನ್ನ ಕಡೆ ನೋಡಿದರು. ಒಮ್ಮೆ ತಪ್ಪಿದ ಲೆಕ್ಕ ಇನ್ನೊಮ್ಮೆ ತಪ್ಪಿದರೆ?

"ನಿಲ್ಲಸ್ರಿ ಮೇಡಂ," ಎಂದೆ ನಾನು. ಯಾವ ಧೈರ್ಯದ ಮೇಲೆ ಹೇಳಿದೆನೋ ಇವತ್ತಿಗೂ ತಿಳಿಯದು.

ಮೂರು ನಿಮಿಷದಲ್ಲಿ ಗಂಟು ಕಟ್ಟಿ ಮುಗಿಯಿತು. ಆರನೂರು ಇದ್ದದ್ದು ಇನ್ನೂರ ನಲವತ್ತಾಗಿತ್ತು. ಕಾಕಾ ಈ ಸಲ ಬಾಯಿಲೆಕ್ಕ ಮಾಡಲಿಲ್ಲ. ಕಾಗದ ಕೇಳಿ ಪಡೆದು, ದೊಡ್ಡ ಅಕ್ಷರದಲ್ಲಿ ಬರೆದು, ಎಂಟರಿಂದ ಗುಣಿಸಿ, ಎರಡರಿಂದ ಭಾಗಿಸಿ, ನನಗೆ ತೋರಿಸಿದರು. "ಸರಿ ಐತೇನು ನೋಡು." ಹದಿನಾರು ನಿಮಿಷ. ಸರಿ ಇದೆ ಎಂದೆ. ಹನ್ನೊಂದೂ ಹನ್ನೊಂದಕ್ಕೆ ಮತ್ತೆ ಶುರುವಾದ ಪಟ್ಟಿ ಹನ್ನೊಂದೂ ಇಪ್ಪತ್ತೇಳಕ್ಕೆ ಕೊನೆ ಮುಟ್ಟಿತು. ಮೇಡಂ ಕುರ್ಚಿಗೆ ಒರಗಿ ಉಸಿರು ಬಿಟ್ಟರು.

ಹನ್ನೆರಡಕ್ಕೆ ಇಪ್ಪತ್ತೈದು ನಿಮಿಷವಿರುವಾಗ ಹುಬ್ಬಳ್ಳಿಯಿಂದ ಫೋನು ಬಂತು. ಆ ಡಾಕ್ಟರರು ತಮ್ಮ ಕೆಲಸ ಐದು ನಿಮಿಷ ತಡ ಮಾಡಿ ನೋಡಿದ್ದರು. ರಕ್ತ ಸ್ವಲ್ಪವೇ ಇದೆ, ನಿಂತಿದೆ. ತಲೆ ತೆರೆಯುವ ಅಗತ್ಯವಿಲ್ಲ, ಅಲ್ಲಾಡಿಸಬೇಡಿ, ಅಲ್ಲೇ ಇಟ್ಟು ನೋಡಿಕೊಳ್ಳಿ. ಮಾತು ನಿಧಾನವಾಗಿ ಬರುತ್ತದೆ. ಬರಬಹುದು, ಎಂದರು ಕಡೆಗೆ, ತಿದ್ದಿಕೊಂಡು.

ಹನ್ನೆರಡು ದಿನದ ಮೇಲೆ ಅವ್ವನನ್ನು ಕುಷ್ಟಗಿಗೆ ಕರೆತಂದೆವು. ಉಣ್ಣುತ್ತಿದ್ದಳು, ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತಿಲ್ಲ. ಕಾಕಾ ಗಂಗಾವತಿಯಿಂದ ದಿನಾ ಏಳಕ್ಕೆ ಫೋನು ಮಾಡುವುದನ್ನು ನಿಲ್ಲಿಸಲಿಲ್ಲ. ನಾನು ಫೋನನ್ನು ಅವ್ವನ ಕಿವಿಗೆ ಹಿಡಿಯುವೆ. ಜೀವಮಾನವೆಲ್ಲ ಬರೀ ಹ್ಞೂಂ ಎಂದಿದ್ದ ಮನುಷ್ಯ ಈಗ ತಾವೇ ಮಾತಾಡಬೇಕು. ಅವರಿಗೆ ಬದನೆಕಾಯಿ ಎಮ್ಮೆಗಳ ವಿಷಯ ಎಲ್ಲಿ ಬರಬೇಕು? "ವೈನಿ, ಇವತ್ತು ಭಾಯಿ ಅಂಗಡ್ಯಾಗ ಒಂದು ಹಳೇ ಡಿಸ್ಕ್ ಬಂದಿತ್ರಿ, ಸೆಕೆಂಡಿಗೆ ಮೂವತ್ಮೂರು ಮೆಗಾಬೈಟಿಂದು," ಎಂದು ಶುರು ಮಾಡಿ, ಇತ್ತ ಕಡೆಯಿಂದ ಏನೂ ಬಾರದಿದ್ದಾಗ, "ಆತ್ರಿ ವೈನಿ, ನಾಳೆ ಮಾಡ್ತೇನಿ," ಎಂದು ಇಡುವರು.

ಮೊದಲು ಒಂದೆರಡು ಶಬ್ದ ಬಂದವು. ನೀರು. ಉಪ್ಪು. ಉಪ್ಪು ಎಂದಳೆಂದರೆ ನನ್ನ ಅಡುಗೆಯ ಮೇಲಿನ ದೂರು ಮರಳಿ ಆರಂಭವಾಯಿತೆಂದು ನಾನು ಒಲೆಯ ಮುಂದೆ ನಿಂತು ಅತ್ತೆ. ದೀಪಾವಳಿ ಕಳೆದ ಒಂದು ರವಿವಾರ ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಅವಳನ್ನು ಮಾತಾಡಿಸಲು ಬಂದಿದ್ದರು. ಕಾಕಾ, ಚಿಗವ್ವ ಕೂಡ ಅವತ್ತು ಬಂದಿದ್ದರು. ಯಾರೋ ಏನಾಗಿತ್ತೆಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅವ್ವ ಮಂಚದ ಮೇಲೆ ನೆಟ್ಟಗೆ ಕುಳಿತು ತಾನೇ ಹೇಳತೊಡಗಿದಳು. ನಿಧಾನವಾಗಿ, ತಡವರಿಸುತ್ತ, ಆದರೆ ಪೂರಾ ಪೂರಾ ಮಾತು.

"ನನ್ನ ತಲ್ಯಾಗ... ಆರನೂರು ಕೆಜಿ ಇತ್ತಂತವಾ. ನಮ್ಮ ಮೈದುನ ಅದನ್ನ ಒತ್ತಿ ಕಟ್ಟಿ... ಇನ್ನೂರು ಕೆಜಿ ಮಾಡಿದ. ಮಾಡಿ, ಫೋನಿನ ತಂತ್ಯಾಗ ಹಾಕಿ... ಹುಬ್ಬಳ್ಳಿಗೆ ಕಳಿಸಿದ. ತಾಸಿಗೆ ಎರಡು ಮೈಲಿ ಹೋಗತಿತ್ತಂತ."

ಚಿಗವ್ವ ಸೆರಗನ್ನು ಬಾಯಿಗೆ ಹಿಡಿದರು. ನಾನು ಹೆದರಿಕೆಯಿಂದ ಕಾಕಾನ ಕಡೆ ನೋಡಿದೆ. ಕೆಜಿ, ಮೈಲಿ, ತಾಸು! ಒಂದಾದರೂ ಅಳತೆ ಸರಿಯಿರಲಿಲ್ಲ. ಓಣಿಯ ಹೆಣ್ಣುಮಗಳೊಬ್ಬರು ನಂಬಲಾರದೆ ಕಾಕಾನಿಗೇ ಕೇಳಿದರು, "ಖರೇನ್ರಿ ಅಣ್ಣಾರ? ಆರನೂರು ಕೆಜಿ?"

ಕಾಕಾ ಅವರ ಕಡೆ ನೋಡಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಅವರ ಕಣ್ಣು ತುಂಬಿತ್ತು.

"ಹೌದ್ರಿ, ಖರೇ," ಎಂದರು. ಆಮೇಲೆ ತಮಗೆ ಏನೂ ಗೊತ್ತಿಲ್ಲದವರಂತೆ ಅವ್ವನ ಮುಖಕ್ಕೆ ಬಾಗಿ ಕೇಳಿದರು, "ಮುಂದ ಏನಾತ್ರಿ ವೈನಿ?"